ಪೇಟಿ ಮಾಸ್ತರರಿಗೆ ಪತ್ರ: ಚೆಂಡು ಗೋಡೆ ದಾಟಿದ ಹಾಡು

ಕುಮಾರರಾಮನ ಬಯಲಾಟವನ್ನು ಎರಡು ಗಂಟೆಯ ರಂಗನಾಟಕ ಮಾಡುತ್ತಿದ್ದೇವೆ, ಅದಕ್ಕೆ ಬಳ್ಳಾರಿಯಲ್ಲಿ ಕೂತು ನಾನು ಹಾಡು ಹೊಂದಿಸುತ್ತಿದ್ದೇನೆ ಅಂತ ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳು ನನ್ನ ಪೇಟಿಯ, ಅಂದರೆ ಹಾರ್ಮೋನಿಯಂ ಮೇಲೆ ಗೇಣು ಎತ್ತರ ಆಗಿವೆ. ಒಂದೇ ಥರದ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರ ಕೊಡುತ್ತಿದ್ದೇನೆ. ಹೆಸರು ಬೇಡ ಅಂತ ಕೆಲವರು ಕೇಳಿದ್ದಾರೆ. ಹಾಗಾಗಿ ಎಲ್ಲರದ್ದೂ ಊರು ಮಾತ್ರ ಹಾಕಿದೆ.

ಕಥೆ ಗೊತ್ತಿಲ್ಲದವರಿಗೆ ನಾಲ್ಕು ಮಾತು. ಕಂಪಿಲರಾಯನ ಮಗ ರಾಮ. ಕುಮ್ಮಟದುರ್ಗದಲ್ಲಿ ಚೆಂಡಾಡುವಾಗ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನನ್ನು ಅವಳು ಬಯಸುತ್ತಾಳೆ. ಅವನು ತಾಯಿ ಅಂತಾನೆ, ಒಪ್ಪುವುದಿಲ್ಲ. ಅವಳು ಗಂಡನ ಹತ್ತಿರ ದೂರು ಹೇಳುತ್ತಾಳೆ. ತಲೆ ತೆಗೆಯಿರಿ ಅಂತ ರಾಯ ಅಪ್ಪಣೆ ಕೊಡುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು, ಬೇರೆ ತಲೆಯನ್ನು ರಾಮನದ್ದು ಅಂತ ತೋರಿಸುತ್ತಾನೆ. ದಿಲ್ಲಿಯ ದಂಡು ಬಂದಾಗ ರಾಮ ಹೊರಗೆ ಬಂದು ಕಾದುತ್ತಾನೆ.

ಪ್ರಶ್ನೆ: ನಮ್ಮೂರಿನ ಆಟ ರಾತ್ರಿ ಹತ್ತಕ್ಕೆ ಶುರುವಾದರೆ ಮುಗಿಯೋದು ಬೆಳಕು ಹರಿದ ಮೇಲೆ. ಈಗ ಒಂದು ಉತ್ಸವದಲ್ಲಿ ನಮಗೆ ಎರಡು ಗಂಟೆ ಕೊಟ್ಟಿದ್ದಾರೆ. ಹಾಡು ಕಡಿಮೆ ಮಾಡಿ ಮಾತು ಉಳಿಸಿದರೆ ನಡೆಯುತ್ತಾ? ನೀವು ಏನು ಮಾಡಿದಿರಿ?
ಓದುಗರೊಬ್ಬರು, ಗಂಗಾವತಿ

ಉತ್ತರ: ಉಲ್ಟಾ ಮಾಡಿ. ಹಾಡು ಉಳಿಸಿ, ಮಾತು ತೆಗೆಯಿರಿ.

ನಮ್ಮ ಕಡೆಯ ಬಯಲಾಟದಲ್ಲಿ ಹಿಮ್ಮೇಳ ಹಾಡುತ್ತದೆ, ವೇಷಗಾರ ಕುಣಿಯುತ್ತಾನೆ, ಆಮೇಲೆ ಅದೇ ಹಾಡಿನ ಅರ್ಥವನ್ನು ಮಾತಿನಲ್ಲಿ ಬಿಡಿಸಿ ಹೇಳುತ್ತಾನೆ. ವೇಷಗಳನ್ನು ಮಾತಾಡಿಸಿ ಆಟ ನಡೆಸುವ ಸಾರಥಿ ನಡುವೆ ಬಾಯಿ ಹಾಕಿ ಅದನ್ನೇ ಮೂರನೇ ಸಲ ಹೇಳಿಸುತ್ತಾನೆ. ಬಯಲಿನಲ್ಲಿ ಅದು ಬೇಕೇ ಬೇಕು. ಅಷ್ಟೊಂದು ಜನ, ಹಿಂದೆ ಗಾಡಿ ಮೇಲೆ ಕೂತವರು, ಮಕ್ಕಳ ಅಳು, ಮಿರ್ಚಿ ಕರಿಯೋ ಸದ್ದು. ಒಂದು ಸಲ ಹೇಳಿದ್ದು ಯಾರ ಕಿವಿಗೂ ಪೂರ್ತಿ ಬೀಳುವುದಿಲ್ಲ. ಮುಚ್ಚಿದ ರಂಗಮಂದಿರದಲ್ಲಿ, ಕತ್ತಲಲ್ಲಿ ಸುಮ್ನೆ ಕೂತವರಿಗೆ ಒಂದು ಸಲ ಸಾಕು. ಮರುಮಾತು ತೆಗೆದರೇ ಅರ್ಧ ರಾತ್ರಿ ಉಳಿಯುತ್ತೆ. ಒಂದು ಹಾಡಿಗೂ ಕೈ ಹಚ್ಚಬೇಕಾಗಿಲ್ಲ.

ಇದು ನನಗೆ ಮೊದಲೇ ಹೊಳೆದಿರಲಿಲ್ಲ. ನಮ್ಮ ನಿರ್ದೇಶಕರು ಇರೋದು ರಾಯಚೂರಿನಲ್ಲಿ. ಫೋನಿನಲ್ಲಿ ಆಡಿದ ಮಾತು ಮರುದಿನಕ್ಕೆ ಇಬ್ಬರ ನೆನಪಿನಲ್ಲೂ ಬೇರೆ ಬೇರೆ ಆಗುತ್ತಿತ್ತು. ಅದಕ್ಕೇ ಬರೆದೇ ತಿಳಿಸೋಣ ಅಂತ ಒಪ್ಪಿದೆವು. ಅವರ ಮೊದಲ ಪತ್ರದಲ್ಲಿ ಇದ್ದದ್ದು ಇಷ್ಟು: "ಹಾಡು ಮೂವತ್ತಕ್ಕಿಂತ ಜಾಸ್ತಿ ಬೇಡ. ಒಂದೊಂದೂ ಎರಡು ನಿಮಿಷ." ನಾನು ಅದನ್ನು ಓದಿ ಅಷ್ಟಕ್ಕೇ ಪಟ್ಟಿ ಮಾಡಲು ಕೂತೆ.

ನನ್ನ ಹತ್ತಿರ ಇದ್ದದ್ದು ಕಂಪ್ಲಿ ಕಡೆಯ ಒಬ್ಬ ಹಿರಿಯ ಭಾಗವತರು ಕೊಟ್ಟ ಪುಸ್ತಕ. ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರಲ್ಲ, ಅಂಥ ಉದ್ದನೆಯದು. ಹಾಡು ಕಪ್ಪು ಶಾಯಿಯಲ್ಲಿ, ರಾಗ ತಾಳದ ಹೆಸರು ಕೆಂಪು ಶಾಯಿಯಲ್ಲಿ. ಹಾಳೆಯ ಕೆಳಗಿನ ಮೂಲೆ ಬೆರಳು ತಾಗಿ ತಾಗಿ ಎಣ್ಣೆಗಪ್ಪಾಗಿದೆ. ಎಲ್ಲ ಹಾಳೆಯೂ ಒಂದೇ ಸಮ ಕಪ್ಪಾಗಿಲ್ಲ. ಕೆಲವು ಮೂಲೆ ಬೆಳ್ಳಗೇ ಇವೆ, ಕೆಲವು ಮುಟ್ಟಿದರೆ ಮುರಿಯುವ ಹಾಗಿವೆ. ಯಾವ ಹಾಡನ್ನು ಆ ಮೇಳ ಮತ್ತೆ ಮತ್ತೆ ಹೇಳಿಕೊಟ್ಟಿದೆ ಅನ್ನೋದು ಆ ಮೂಲೆಗಳಲ್ಲೇ ಇದೆ. ಕಪ್ಪು ಮೂಲೆಯ ಹಾಳೆಗಳನ್ನು ಮುಟ್ಟಬಾರದು ಅಂತ ನಾನೇ ಒಂದು ಕಟ್ಟು ಹಾಕಿಕೊಂಡೆ. ಆದರೂ ಒಂದು ಕಡೆ ತಪ್ಪಿದೆ.

ಬಯಲಾಟದಲ್ಲಿ ಪ್ರತಿ ವೇಷ ಬಂದಾಗಲೂ ಸಾರಥಿ ಕೇಳುತ್ತಾನೆ. ತಾವು ಯಾರು, ಯಾವ ದೇಶ, ಇಲ್ಲಿಗೆ ಬಂದ ಕಾರಣ ಏನು? ವೇಷಗಾರ ಹಾಡಿನಲ್ಲೇ ಉತ್ತರ ಕೊಡುತ್ತಾನೆ. ಪಟ್ಟಣದ ಜನಕ್ಕೆ ಇದು ಯಾಕೆ ಬೇಕು ಅಂತ ಅಷ್ಟನ್ನೂ ತೆಗೆದುಬಿಟ್ಟೆ. ಇಪ್ಪತ್ತು ನಿಮಿಷ ಉಳಿಯಿತು ಅಂತ ನಿರ್ದೇಶಕರಿಗೆ ಖುಷಿಯಾಗಿ ಬರೆದೆ. ತಾಲೀಮು ನೋಡಲು ಪಕ್ಕದ ಓಣಿಯ ನಾಲ್ಕು ಜನರನ್ನು ಕರೆಸಿದ್ದೆವು. ರತ್ನಾಜಿ ಬಂದು ಹಾಡಿ ಹೋದ ಮೇಲೆ ಅವರಲ್ಲಿ ಒಬ್ಬರು ಕೇಳಿದರು: "ಈಕಿ ರಾಮನ ಹೆಂಡತಿ ಏನ್ರಿ?" ನನ್ನ ಎದೆ ಧಸಕ್ಕೆಂದಿತು. ಅವಳು ತಾಯಿಯ ಸ್ಥಾನದವಳು ಅನ್ನೋದೇ ಈ ಆಟದ ಪ್ರಾಣ. ಅದೇ ಗೊತ್ತಾಗದಿದ್ದರೆ ಮುಂದೆ ಎರಡು ಗಂಟೆ ಯಾರು ಯಾಕೆ ಅಳಬೇಕು?

ಅವತ್ತು ರಾತ್ರಿಯೇ ನಿರ್ದೇಶಕರಿಗೆ ಬರೆದೆ. "ಕಂಪಿಲರಾಯ ಮತ್ತು ರತ್ನಾಜಿ, ಈ ಇಬ್ಬರ ಪ್ರವೇಶದ ಹಾಡು, ಸಾರಥಿಯ ಪ್ರಶ್ನೆ ವಾಪಸ್ ಬೇಕು. ಬೇರೆ ಎಲ್ಲಿ ಬೇಕಾದರೂ ಆರು ನಿಮಿಷ ಹುಡುಕಿ ಕೊಡುತ್ತೇನೆ." ಅವರ ಉತ್ತರ ಒಂದೇ ಸಾಲು: "ಹುಡುಕಿ ಕೊಡಿ." ಯುದ್ಧದ ಕೊನೆಯಲ್ಲಿ ರಾಗ ಎಳೆದು ಹಾಡುವ ನಾಲ್ಕು ಕಂದ ಪದ್ಯಗಳಿದ್ದವು. ಆ ಹಾಳೆಗಳ ಮೂಲೆ ಬೆಳ್ಳಗಿತ್ತು. ಅವನ್ನು ಬಿಟ್ಟೆವು.

ಹಾಗಾಗಿ ನಿಮಗೆ ನಾನು ಹೇಳೋದು, ಹಾಡಿನ ಪಟ್ಟಿ ಮಾಡುವಾಗ ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಗುರುತು ಹಾಕಬೇಡಿ. ಈ ಹಾಡು ಇಲ್ಲಿ ಏನು ಕೆಲಸ ಮಾಡ್ತಿದೆ ಅಂತ ಎದುರಿಗೆ ಬರೆಯಿರಿ. ವೇಷದ ಪರಿಚಯ ಮಾಡಿಸುತ್ತಾ? ಊರಿಂದ ಅಡವಿಗೆ ಕರ್ಕೊಂಡು ಹೋಗುತ್ತಾ? ಒಳಗೆ ಕಿರೀಟ, ಭುಜಕೀರ್ತಿ ಕಟ್ಟಿಕೊಳ್ಳಲು ಒಬ್ಬನಿಗೆ ಹೊತ್ತು ಕೊಡುತ್ತಾ? ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಹಾಡು ತೆಗೆದ ಮೇಲೆ ವೇಷ ತಯಾರಾಗದೆ ರಂಗ ಖಾಲಿ ನಿಂತಾಗಲೇ ನೆನಪಾಗೋದು.

ಇನ್ನು ಚೆಂಡಿನ ಹಾಡು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಪತ್ರಗಳಲ್ಲಿ ಅರ್ಧದಷ್ಟು ಇದರ ಬಗ್ಗೆಯೇ ಇವೆ. ನಿರ್ದೇಶಕರಿಗೆ ನಿಜವಾದ ಚೆಂಡು ಎಸೆಯಬೇಕು ಅಂತ ಆಸೆ. ಅದು ದೀಪದ ಕಂಬಕ್ಕೆ ಬಡಿಯಿತು, ಒಂದು ಸಲ ಮದ್ದಳೆಯವರ ಮಡಿಲಿಗೇ ಬಿತ್ತು. ಬಯಲಾಟದಲ್ಲಿ ಚೆಂಡೇ ಇರುವುದಿಲ್ಲ ಅಂತ ನಾನು ಬರೆದೆ. ಅಲ್ಲಿ ಕೈ ಎತ್ತಿದರೆ ಚೆಂಡು, ಮದ್ದಳೆ ಬಡಿದರೆ ಅದು ನೆಲಕ್ಕೆ ಪುಟಿದಂತೆ. ಹಾಗೇ ಮಾಡಿದೆವು. ಮದ್ದಳೆ ಏಳರ ತಾಳದಲ್ಲಿ ಓಡುತ್ತಿರುತ್ತದೆ. ರಾಮ ತೋಳು ಬೀಸುತ್ತಾನೆ. ಆಗ ಒಂದು ಪೂರ್ತಿ ಸುತ್ತು, ಏಳು ಎಣಿಕೆ, ಮದ್ದಳೆ ಇಲ್ಲ, ತಾಳ ಇಲ್ಲ, ಪೇಟಿ ಇಲ್ಲ. ರಂಗದ ಮೇಲೆ ಇದ್ದವರೆಲ್ಲ ತಲೆ ಎತ್ತಿ ನೋಡುತ್ತಾರೆ. ಎಂಟನೇ ಎಣಿಕೆಗೆ ಒಂದೇ ಒಂದು ಪೆಟ್ಟು, ಮದ್ದಳೆಯ ಎಡ ಮುಖದ ಮೇಲೆ, ಅಂಗೈ ಊರಿ. ಮೊದಲ ಸಲ ಇದನ್ನು ಮಾಡಿದಾಗ ನೋಡುತ್ತಾ ಕೂತಿದ್ದ ಹುಡುಗನೊಬ್ಬ ಮೇಲೆ ಛಾವಣಿಯ ಕಡೆ ಕತ್ತೆತ್ತಿದ. ಅವತ್ತಿನಿಂದ ನಿರ್ದೇಶಕರು ಚೆಂಡಿನ ಮಾತೆತ್ತಿಲ್ಲ.

ಪ್ರಶ್ನೆ: ನಾವು ಕಾಲೇಜು ಹುಡುಗರು. ಬಯಲಾಟದ ಒಂದು ಭಾಮಿನಿ ಷಟ್ಪದಿಗೆ ಹೊಸ ಟ್ಯೂನ್ ಹಾಕಿದೆವು. ತಬಲಾದವರು ಕೇರವಾ ತಾಳ ನುಡಿಸಿದರೆ ಸಾಹಿತ್ಯ ಕೂರ್ತಾನೇ ಇಲ್ಲ. ತಪ್ಪು ತಬಲಾದ್ದಾ, ಸಾಹಿತ್ಯದ್ದಾ?
ಸಿಂಧನೂರಿನಿಂದ

ಉತ್ತರ: ಎರಡರದ್ದೂ ಅಲ್ಲ. ಏಳರ ಪದ್ಯವನ್ನು ಎಂಟರ ಪೆಟ್ಟಿಗೆಯಲ್ಲಿ ತುರುಕುತ್ತಿದ್ದೀರಿ.

ಭಾಮಿನಿಯ ನಡೆ ಮೂರು ನಾಲ್ಕು, ಮೂರು ನಾಲ್ಕು. ಚಿಕ್ಕ ಸಾಲಿಗೆ ಒಟ್ಟು 14 ಮಾತ್ರೆ. ನಿಮಗೆ ತೋರಿಸಲು ಒಂದು ಸಾಲು ನಾನೇ ಕಟ್ಟುತ್ತೇನೆ: ಚೆಂಡು ಹಾರಿತು ಗೋಡೆ ದಾಟಿತು. 'ಚೆಂಡು' ಮೂರು, 'ಹಾರಿತು' ನಾಲ್ಕು, 'ಗೋಡೆ' ಮೂರು, 'ದಾಟಿತು' ನಾಲ್ಕು. ಬಾಯಲ್ಲಿ ತಕಿಟ ತಕಧಿಮಿ ಅಂತ ಹೇಳಿಕೊಂಡು ಓದಿ, ತಾನೇ ಕೂರುತ್ತೆ. ಇದು ಮಿಶ್ರಛಾಪು. ತಬಲಾದಲ್ಲಾದರೆ ರೂಪಕ್, ತೀ ತೀ ನಾ ಧೀ ನಾ ಧೀ ನಾ. ಅದೂ ಏಳೇ.

ಕೇರವಾ ಎಂಟು. ಅದಕ್ಕೆ ಹೊಂದಿಸಲು ನೀವು ಮೂರರ ಮಾತನ್ನು ನಾಲ್ಕಕ್ಕೆ ಎಳೆಯುತ್ತಿದ್ದೀರಿ. ಆಗ "ಚೆಂಡೂ ಹಾರಿತು ಗೋಡೇ ದಾಟಿತು" ಆಗುತ್ತೆ. ಚೆಂಡು ಹಾರಲ್ಲ, ಉರುಳುತ್ತೆ. ಮೂರರಿಂದ ನಾಲ್ಕಕ್ಕೆ ಬೀಳುವ ಆ ಸಣ್ಣ ಜಿಗಿತದಲ್ಲೇ ಭಾಮಿನಿಯ ಓಟ ಇರೋದು.

ಕೇರವಾನೇ ಬೇಕು ಅಂದರೆ ಸಾಹಿತ್ಯ ಬರೆದವರನ್ನು ಕೂರಿಸಿಕೊಂಡು ಮಾತು ಬದಲಿಸಿ. "ಹಾರಿತು ಚೆಂಡೂ, ಗೋಡೆಯ ದಾಟಿ." ಇದು ನಾಲ್ಕರ ನಡೆ. ಕೆಟ್ಟದ್ದೇನಲ್ಲ, ಮಕ್ಕಳ ಆಟದ ಹಾಡಿಗೆ ಚೆನ್ನಾಗೇ ಇರುತ್ತೆ. ಆದರೆ ಅದು ಭಾಮಿನಿ ಅಲ್ಲ ಅಂತ ಗೊತ್ತಿರಲಿ. ವಾರ್ಧಕ ಬಂದರೆ ಅದರ ನಡೆ ಐದು, ಖಂಡಛಾಪು ಇಲ್ಲವೇ ಝಪ್‌ತಾಲ್ ಹಿಡಿಯಿರಿ. ಕಂದಕ್ಕೆ ತಾಳವೇ ಬೇಡ, ರಾಗದಲ್ಲಿ ಬಿಡಿಸಿ ಹೇಳಿದರೆ ಸಾಕು. ಕುಮಾರರಾಮನ ಕಥೆಯನ್ನು ನಂಜುಂಡ ಕವಿ ಹಾಡಿದ್ದು ಸಾಂಗತ್ಯದಲ್ಲಿ. ಅದನ್ನೂ ಒಮ್ಮೆ ಬಾಯಿಬಿಟ್ಟು ಓದಿ ನೋಡಿ. ಟ್ಯೂನ್ ಹುಡುಕುವ ಮುಂಚೆ ಪದ್ಯವನ್ನು ಹತ್ತು ಸಲ ಸುಮ್ನೆ ಓದಬೇಕು. ನಾನು ಈಗಲೂ ಓದುತ್ತೇನೆ, ಕೈಯಲ್ಲಿ ತಟ್ಟಿಕೊಂಡು. ಪೇಟಿ ತೆರೆಯೋದು ಆಮೇಲೆ.

ಪ್ರಶ್ನೆ: ಕುಮಾರರಾಮ, ಸಾರಂಗಧರ ಎರಡೂ ಒಂದೇ ಕಥೆ ಅಲ್ವಾ? ಸಾರಂಗಧರದ ಹಳೆಯ ಮಟ್ಟುಗಳನ್ನೇ (ಧಾಟಿಗಳನ್ನೇ) ಬಳಸಬಹುದಿತ್ತಲ್ಲ?
ನಿವೃತ್ತ ಶಿಕ್ಷಕರೊಬ್ಬರು, ಬಳ್ಳಾರಿ

ಉತ್ತರ: ಬಳ್ಳಾರಿಯವರೇ ಕೇಳಬೇಕಾದ ಪ್ರಶ್ನೆ ಇದು, ತುಂಬಾ ಸಂತೋಷ ಆಯಿತು. ನಮ್ಮೂರಿನಲ್ಲೇ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು ಸಾರಂಗಧರನ ಕಥೆಯನ್ನು ತೆಲುಗಿನಲ್ಲಿ ನಾಟಕ ಮಾಡಿದರು. ಅವರ ನಾಟಕ ಸಂಘ ಸರಸ ವಿನೋದಿನಿ ಸಭಾ ಒಂದು ಕಡೆ, ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭಾ ಇನ್ನೊಂದು ಕಡೆ. ಹೆಸರಾಂತ ನಟ ಬಳ್ಳಾರಿ ರಾಘವ ಅವರು ಧರ್ಮವರಂ ಅವರ ಸೋದರಳಿಯ. ಪೇಟೆಯಲ್ಲಿ ಪರದೆ ಕಟ್ಟಿ ತೆಲುಗಿನಲ್ಲಿ ಸಾರಂಗಧರ, ಹಳ್ಳಿಯಲ್ಲಿ ಅಟ್ಟ ಕಟ್ಟಿ ಕನ್ನಡದಲ್ಲಿ ಕುಮಾರರಾಮ. ಮಲತಾಯಿ ಬಯಸಿದ ಮಗನ ಕಥೆ ಎರಡು ಭಾಷೆಯಲ್ಲೂ ಈ ನೆಲದಲ್ಲಿ ಕಣ್ಣೀರು ಹಾಕಿಸಿದೆ.

ಆದರೆ ಹಾಡು ಕಟ್ಟುವವನಿಗೆ ಎರಡೂ ಒಂದಲ್ಲ. ಸಾರಂಗಧರದಲ್ಲಿ ಮಲತಾಯಿ ಚಿತ್ರಾಂಗಿಯ ಮನೆಗೆ ಹಾರಿ ಹೋಗೋದು ಪಾರಿವಾಳ. ಇಲ್ಲಿ ಹೋಗೋದು ಚೆಂಡು. ಪಾರಿವಾಳ ಸುತ್ತು ಹಾಕಿ ಹೋಗಿ ಕೂರುತ್ತೆ. ಅದಕ್ಕೆ ಕೊಳಲು ಬೇಕು, ಎಳೆದ ಸ್ವರ ಬೇಕು. ಚೆಂಡು ಬೀಳುತ್ತೆ. ಅದಕ್ಕೆ ಪೆಟ್ಟು ಬೇಕು. ಅಲ್ಲಿಯ ಮಟ್ಟು ತಂದು ಇಲ್ಲಿ ಹಾಕಿದರೆ ಚೆಂಡಿಗೆ ರೆಕ್ಕೆ ಬಂದುಬಿಡುತ್ತೆ.

ಪ್ರಶ್ನೆ: ಹಳೇ ಕಂಪನಿ ನಾಟಕದ ಪುಸ್ತಕ ಸಿಕ್ಕಿದೆ. ಹಾಡಿನ ಮೇಲೆ ಬರೀ 'ಭೈರವಿ' ಅಂತಿದೆ. ನಮ್ಮಲ್ಲಿ ಒಬ್ಬರು ಕರ್ನಾಟಕ ಸಂಗೀತ ಕಲಿತವರು, ಇನ್ನೊಬ್ಬರು ಹಿಂದೂಸ್ತಾನಿ. ಇಬ್ಬರಿಗೂ ಜಗಳ.
ಸಿರುಗುಪ್ಪದಿಂದ

ಉತ್ತರ: ನಮ್ಮ ಭಾಗದ ಹಳೇ ಜಗಳ ಇದು. ಇಲ್ಲಿ ಎರಡೂ ಸಂಗೀತ ಒಂದೇ ಅಂಗಳದಲ್ಲಿ ಬೆಳೆದಿವೆ. ಹಿಂದೂಸ್ತಾನಿ ಭೈರವಿಯಲ್ಲಿ ರಿ, ಗ, ಧ, ನಿ ನಾಲ್ಕೂ ಕೋಮಲ. ಕರ್ನಾಟಕ ಭೈರವಿಯಲ್ಲಿ ರಿಷಭ ಕೋಮಲ ಅಲ್ಲ, ಧೈವತ ಎರಡೂ ಬರುತ್ತವೆ. ಕರ್ನಾಟಕದ ತೋಡಿಯ ಸ್ವರ ಹಿಂದೂಸ್ತಾನಿ ಭೈರವಿಗೆ ಹೊಂದುತ್ತೆ, ಹಿಂದೂಸ್ತಾನಿ ತೋಡಿ ನಮ್ಮ ಶುಭಪಂತುವರಾಳಿ ಕಡೆ ಹೋಗುತ್ತೆ. ಕರ್ನಾಟಕದ ಹಿಂದೋಳ ಅಂದರೆ ಅವರ ಮಾಲಕೌಂಸ್, ಅವರ ಹಿಂದೋಲ್ ಬೇರೆಯೇ. ಹೆಸರು ನಂಬಿಕೊಂಡು ಕೂತರೆ ಆಗಲ್ಲ.

ರಾಗದ ಪಕ್ಕದಲ್ಲಿ ತಾಳ ಏನಿದೆ ನೋಡಿ. ಆದಿ, ರೂಪಕ, ಅಟ್ಟ ಅಂತಿದ್ದರೆ ಬರೆದವರ ಕಿವಿ ಈ ಕಡೆಯದು. ತ್ರಿತಾಲ, ದಾದ್ರಾ, ಕೇರವಾ ಅಂತಿದ್ದರೆ ಆ ಕಡೆಯದು. ಮರಾಠಿ ಪದದ ಧಾಟಿ ಅಂತ ಬರೆದಿದ್ದರೆ ಹಿಂದೂಸ್ತಾನಿ ಅಂತ ಹಿಡಿಯಬಹುದು. ಆಟದ ಕೊನೆಯ ಹಾಡಾಗಿದ್ದರೂ ಹಾಗೇ, ಕಛೇರಿ ಭೈರವಿಯಲ್ಲಿ ಮುಗಿಸುವ ಪದ್ಧತಿ ಅವರದ್ದು. ಇಷ್ಟಾದರೂ ಗೊತ್ತಾಗದಿದ್ದರೆ ಇಬ್ಬರೂ ಹಾಡಲಿ, ಆ ಪಾತ್ರ ಮಾಡುವವರು ಯಾವುದು ಬಾಯಿಗೆ ಬರುತ್ತೆ ಅಂತ ಹೇಳಲಿ.

ಧಾಟಿಗಳು ಗಡಿ ನೋಡಿ ಓಡಾಡಿದ್ದೇ ಇಲ್ಲ. ಮರಾಠಿ ಸಂಗೀತ ನಾಟಕ ಕಟ್ಟಿದ ಅಣ್ಣಾಸಾಹೇಬ್ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1880ರಲ್ಲಿ ಶಾಕುಂತಲ, 1882ರಲ್ಲಿ ಸೌಭದ್ರ ಆಡಿಸಿದರು. ಕನ್ನಡದ ಧಾಟಿಗಳನ್ನೂ ತಮ್ಮ ನಾಟಕಕ್ಕೆ ತೆಗೆದುಕೊಂಡರು. ಆಮೇಲೆ ನಮ್ಮ ಕಂಪನಿಗಳು ಮರಾಠಿ ಪದಗಳ ಮಟ್ಟು ತಂದವು. ಹೋದ ಮಗಳು ತವರಿಗೆ ಬಂದ ಹಾಗೆ.

ಪ್ರಶ್ನೆ: ನಾನು ಹವ್ಯಾಸಿ ನಾಟಕದಲ್ಲಿ ಹಾಡಿ ಅಭಿನಯಿಸುತ್ತೇನೆ. ಪೇಟಿಯವರು ಗಂಡಸರ ಶ್ರುತಿಗೇ ನುಡಿಸುತ್ತಾರೆ. ಕೆಳಗೆ ಹಾಡಿದರೆ ದನಿ ಹೂತು ಹೋಗುತ್ತೆ, ಮೇಲೆ ಹೋದರೆ ಒಡೆಯುತ್ತೆ. ನಡುವೆ ಶ್ರುತಿ ಬದಲಿಸಿದರೆ ಹಾಡು ಕಿತ್ತುಹೋಗುತ್ತೆ ಅಂತಾರೆ. ಏನು ಮಾಡಲಿ?
ಕಲಾವಿದೆಯೊಬ್ಬರು, ಕೊಪ್ಪಳ

ಉತ್ತರ: ತಾಯಿ, ತಪ್ಪು ನಿಮ್ಮ ದನಿಯದ್ದಲ್ಲ. ಬಯಲಾಟದಲ್ಲಿ ಹೆಣ್ಣು ವೇಷವನ್ನೂ ಗಂಡಸರೇ ಹಾಕುತ್ತಿದ್ದರು. ಶ್ರುತಿ ಅವರಿಗೆ ಹೊಂದಿತ್ತು. ಈಗ ರತ್ನಾಜಿಯಾಗಿ ಹೆಣ್ಣುಮಗಳೇ ನಿಂತ ಮೇಲೆ ಪೇಟಿಯವನೇ ಅವಳ ಕಡೆ ಬರಬೇಕು. ರಕ್ತರಾತ್ರಿ ನಾಟಕದ ದ್ರೌಪದಿಯಾಗಿ ಹೆಸರಾದ ಸುಭದ್ರಮ್ಮ ಮನ್ಸೂರರು ನಮ್ಮ ಬಳ್ಳಾರಿಯವರು. ಆ ದನಿಯನ್ನು ಗಂಡಸರ ಶ್ರುತಿಗೆ ಕಟ್ಟಿಹಾಕಿದ್ದರೆ ಏನಾಗುತ್ತಿತ್ತು ಯೋಚಿಸಿ.

ದಾರಿ ಇದೆ. ನಮ್ಮ ಆಟದಲ್ಲಿ ಮಾಡಿದ್ದನ್ನೇ ಹೇಳುತ್ತೇನೆ, ಪೇಟಿಯವರಿಗೆ ಓದಿ ಹೇಳಿ.

ನಮ್ಮ ರಾಮ ಹಾಡೋದು ಕರಿ ಒಂದರಲ್ಲಿ, ಅಂದರೆ ಪೇಟಿಯ ಮೊದಲ ಕಪ್ಪು ಮನೆಯೇ ಅವನ ಷಡ್ಜ. ಚೆಂಡು ಕೇಳುವ ಅವನ ಹಾಡು ಮೋಹನ ರಾಗ. ಅಂದರೆ ಕರಿ 1, ಕರಿ 2, ಬಿಳಿ 4, ಕರಿ 4, ಕರಿ 5. ಇವು ಐದೇ ಮನೆ. ರತ್ನಾಜಿ ಹಾಡೋದು ಕರಿ ನಾಲ್ಕರಲ್ಲಿ. ರಾಮನ ಪಂಚಮವೇ ಅವಳ ಷಡ್ಜ. ಅವನು ಪಂಚಮದ ಮೇಲೆ ನಿಲ್ಲಿಸುತ್ತಾನೆ, ಅವಳು ಅದೇ ಸ್ವರ ಹಿಡಿದು ಶುರು ಮಾಡುತ್ತಾಳೆ. ಶ್ರುತಿ ಬದಲಾಗಿದ್ದು ಕೇಳುವವರಿಗೆ ಗೊತ್ತೇ ಆಗಲ್ಲ. ಅವಳೂ ಆ ಐದೇ ಮನೆಗಳಲ್ಲಿ ಹಾಡುತ್ತಾಳೆ. ಆದರೆ ಕರಿ ನಾಲ್ಕನ್ನು ಷಡ್ಜ ಅಂತ ಹಿಡಿದರೆ ಅವೇ ಮನೆಗಳು ಶುದ್ಧ ಸಾವೇರಿ ಆಗುತ್ತವೆ. ಹಿಂದೂಸ್ತಾನಿಯವರು ದುರ್ಗಾ ಅಂತಾರಲ್ಲ, ಅದೇ ಸ್ವರಗಳು. ನನ್ನ ಬೆರಳು ಬೇರೆ ಮನೆಗೆ ಹೋಗೋದೇ ಇಲ್ಲ. ಅವನು ತಾಯಿ ಅಂತ ಹಾಡಿದ ಸ್ವರಗಳನ್ನೇ ಅವಳು ಬೇರೆ ಆಸೆಯಿಂದ ಹಾಡುತ್ತಾಳೆ. ಇಬ್ಬರೂ ಒಂದೇ ಮಾತು ಕೇಳಿಸಿಕೊಂಡು ಬೇರೆ ಅರ್ಥ ಮಾಡಿಕೊಳ್ಳುವ ದೃಶ್ಯ ಅದು. ಇದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೊದಲು ನಾನು ರತ್ನಾಜಿಯ ಹಾಡನ್ನು ಮುಖಾರಿಯಲ್ಲಿ ಕಟ್ಟಿದ್ದೆ. ದುಃಖದ ಕಥೆ, ದುಃಖದ ರಾಗ ಅಂತ. ಹಾಡಿ ಕಳಿಸಿದ್ದನ್ನು ಪುಸ್ತಕ ಕೊಟ್ಟ ಭಾಗವತರು ಫೋನಿನಲ್ಲಿ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ಮಾಸ್ತರ್, ಆಕಿಗೆ ಮುಂದಿಂದು ಇನ್ನೂ ಗೊತ್ತಿಲ್ಲರಿ. ಈಗ್ಯಾಕ ಅಳಸ್ತೀರಿ?" ಆ ಮುಖಾರಿಯನ್ನು ಅವತ್ತೇ ಬಿಟ್ಟೆ. ಅದನ್ನು ತೆಗೆದು ಮುಂದೆ, ರಾಮನ ತಲೆ ಅಂತ ತಂದು ತೋರಿಸುವಾಗ ಕಂಪಿಲರಾಯನಿಗೆ ಕೊಟ್ಟಿದ್ದೇನೆ. ಅಳಬೇಕಾದವನು ಅವನು.

ನಿಮ್ಮ ಜೊತೆ ಹಾಡುವವರ ಶ್ರುತಿ ಬಿಳಿ ಒಂದಾಗಿದ್ದರೆ ನೀವು ಬಿಳಿ ಐದು ಹಿಡಿಯಿರಿ. ಅದು ಮೇಲಾಯಿತು ಅನ್ನಿಸಿದರೆ ಅವರ ಮಧ್ಯಮ, ಅಂದರೆ ಬಿಳಿ ನಾಲ್ಕು ನೋಡಿ. ಆಗ ಅವರ ಹಾಡು ಮಧ್ಯಮ ಇರುವ ರಾಗದಲ್ಲಿರಬೇಕು, ಅಷ್ಟೇ. ದನಿ ಒಡೆಯೋವರೆಗೆ ಮಾತ್ರ ಹಾಡಬೇಡಿ. ಕಾಲರ್ ಮೈಕ್ ಇರುವಾಗ ಬಯಲಿನ ಕೂಗು ಬೇಕಾಗಿಲ್ಲ.

ಪ್ರಶ್ನೆ: ಹಿಮ್ಮೇಳದವರು ಸಿಗುತ್ತಿಲ್ಲ, ಸಿಕ್ಕರೂ ಖರ್ಚು ಜಾಸ್ತಿ. ಟ್ರ್ಯಾಕ್ ಮಾಡಿಸಿ ಹಾಕಿದರೆ?
ಲಿಂಗಸುಗೂರು

ಉತ್ತರ: ಬೇಡ. ಟ್ರ್ಯಾಕ್ ಯಾರಿಗೂ ಕಾಯಲ್ಲ. ನಟನಿಗೆ ಉಸಿರು ಕಟ್ಟಿತು, ಸೀರೆ ಮೊಳೆಗೆ ಸಿಕ್ಕಿತು, ಜನ ಚಪ್ಪಾಳೆ ನಿಲ್ಲಿಸಲಿಲ್ಲ. ಮದ್ದಳೆಯವನಾದರೆ ಕಣ್ಣಲ್ಲೇ ನೋಡಿ ಇನ್ನೊಂದು ಸುತ್ತು ಹಾಕುತ್ತಾನೆ. ದುಡ್ಡಿಲ್ಲದಿದ್ದರೆ ಒಂದು ಪೇಟಿ, ಒಂದು ಜೊತೆ ತಾಳ ಸಾಕು. ನಾನು ಅಷ್ಟರಲ್ಲೇ ಪೂರ್ತಿ ಆಟ ನುಡಿಸಿದ್ದೇನೆ.

ಪ್ರಶ್ನೆ: ಹಳೇ ನಾಟಕದ ಹಾಡು ಬದಲಿಸಲು ಯಾರ ಅನುಮತಿ ಬೇಕು?
ಮಾನ್ವಿಯಿಂದ

ಉತ್ತರ: 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನಾಟಕ ಬರೆದವರು ತೀರಿಕೊಂಡ ಮೇಲೆ 60 ವರ್ಷದವರೆಗೆ ಹಕ್ಕು ಅವರ ವಾರಸುದಾರರದ್ದು. ಆಡಿಸೋದಕ್ಕೂ ಕೇಳಬೇಕು, ಬದಲಿಸೋದಕ್ಕೂ ಕೇಳಬೇಕು. ಮಾತು ಬರೆದವರು ಒಬ್ಬರು, ಸಂಗೀತ ಮಾಡಿದವರು ಇನ್ನೊಬ್ಬರಾಗಿದ್ದರೆ ಇಬ್ಬರ ಲೆಕ್ಕವೂ ಬೇರೆ ಬೇರೆ. ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ, ಏನೇನು ಬದಲಿಸುತ್ತೀರಿ ಅಂತ ಅದರಲ್ಲೇ ಬರೆಯಿರಿ. ಯಾರು ಬರೆದದ್ದು ಅಂತ ಗೊತ್ತೇ ಇಲ್ಲದ ಹಳೆಯ ಬಯಲಾಟಕ್ಕೆ ಕಾನೂನು ಅಡ್ಡ ಬರದೇ ಇರಬಹುದು. ಆದರೂ ಅದನ್ನು ಕಾಪಾಡಿಕೊಂಡು ಬಂದ ಮೇಳದ ಮನೆಗೆ ಹೋಗಿ, ಎಲೆ ಅಡಿಕೆ ಇಟ್ಟು ಕೇಳಿ. ನಾನು ಹಾಗೇ ಮಾಡಿದೆ. ಕರಪತ್ರದಲ್ಲಿ ಆ ಮೇಳದ ಹೆಸರು ನನ್ನ ಹೆಸರಿಗಿಂತ ಮೇಲೆ ಇದೆ.

ಪ್ರಶ್ನೆ: ನಲವತ್ತು ವರ್ಷದಿಂದ ಆಟ ಕಲಿಸಿದ್ದೇನೆ. ನೀವು ಪಟ್ಟಣದವರು ನಮ್ಮ ಆಟ ತುಂಡು ಮಾಡಿ ಎರಡು ಗಂಟೆಗೆ ತರ್ತೀರಿ. ನಾಳೆ ಹುಡುಗರು ಇಷ್ಟೇ ಆಟ ಅಂದ್ಕೊಂಡುಬಿಡ್ತಾರೆ. ಉಳಿದ ಹಾಡು ಯಾರು ಹಾಡಬೇಕು? ನಮ್ಮ ಮೇಳದಲ್ಲಿ ಮಂಗಳವೇ ಬೇರೆ ಇದೆ, ಅದನ್ನಾದರೂ ಕೇಳಿದ್ದೀರಾ?
ಹಿರಿಯರೊಬ್ಬರು, ಕುರುಗೋಡು ಕಡೆಯಿಂದ

ಉತ್ತರ: ಹಿರಿಯರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಈ ಭಯ ನನಗೂ ಇದೆ. ಇಲ್ಲ ಅಂದರೆ ಸುಳ್ಳಾಗುತ್ತೆ.

ಒಂದು ಹಾಡನ್ನೂ ಮುಟ್ಟುವ ಮುಂಚೆ ನಾವು ಎರಡು ರಾತ್ರಿ ಆ ಕಂಪ್ಲಿ ಕಡೆಯ ಪುಸ್ತಕದ ಮೇಳದ ಆಟವನ್ನು ಪೂರ್ತಿ ಕೇಳಿದೆವು. ಗಣಪತಿ ಸ್ತುತಿಯಿಂದ ಹಿಡಿದು ಬೆಳಗಿನವರೆಗೆ ಎಲ್ಲವನ್ನೂ ಧ್ವನಿಮುದ್ರಣ ಮಾಡಿಕೊಂಡೆವು. ಆಮೇಲೆ ಐದು ತಿಂಗಳು ಕೂತು ಎಲ್ಲ ಹಾಡಿಗೂ ಸ್ವರ ಹಾಕಿ ಬರೆದೆ. ನಮ್ಮ ಎರಡು ಗಂಟೆಯಲ್ಲಿ ಬಳಸದೇ ಇರೋದಕ್ಕೂ ಬರೆದಿದ್ದೇನೆ, ಬೆಳ್ಳನೆ ಮೂಲೆಯ ಆ ಕಂದಗಳಿಗೂ. ಒಂದು ಪ್ರತಿ ಮೇಳದ ಮನೆಯಲ್ಲಿದೆ, ಒಂದು ನನ್ನ ಹತ್ತಿರ, ಇನ್ನೊಂದು ನಿರ್ದೇಶಕರ ಹತ್ತಿರ. ನಮ್ಮ ಹುಡುಗರಿಗೆ ನಾಟಕದಲ್ಲಿ ಇಲ್ಲದ ಹಾಡುಗಳನ್ನೂ ವಾರಕ್ಕೊಂದು ಕಲಿಸುತ್ತಿದ್ದೇನೆ. ಈವರೆಗೆ ಹನ್ನೊಂದು ಬಂದಿವೆ. ನಿಧಾನವೇ, ಆದರೆ ಬಂದಷ್ಟು ಗಟ್ಟಿಯಾಗಿ ಬಂದಿವೆ.

ನಿಮ್ಮ ಮಂಗಳ ಕೇಳಿಲ್ಲ. ಅದೇ ನನಗೆ ಬೇಕಾಗಿರೋದು. ಪುಸ್ತಕದಲ್ಲಿ ಮಂಗಳದ ಹಾಳೆ ಅರ್ಧ ಹರಿದಿದೆ. ಎರಡನೇ ನುಡಿ ಆ ಮೇಳದವರಿಗೂ ನೆನಪಿಲ್ಲ, ಮೊದಲ ನುಡಿಯನ್ನೇ ಎರಡು ಸಲ ಹಾಡಿ ಮುಗಿಸುತ್ತಾರೆ. ನಮ್ಮ ನಾಟಕದಲ್ಲೂ ಈಗ ಹಾಗೇ ಇದೆ. ನೀವು ಕರೆದರೆ ನಾನೇ ಬರುತ್ತೇನೆ. ಇಲ್ಲವಾದರೆ ಮೊಮ್ಮಕ್ಕಳ ಕೈಲಿ ಫೋನ್ ಕೊಟ್ಟು ಹಾಡಿ ಕಳಿಸಿದರೂ ಆಯಿತು, ಪತ್ರಿಕೆಯವರು ನನಗೆ ತಲುಪಿಸುತ್ತಾರೆ. ಪೇಟಿ ಬೇಡ, ತಾಳ ತೊಡೆಯ ಮೇಲೆ ತಟ್ಟಿದರೆ ಸಾಕು. ನಿಮ್ಮ ದನಿ ಎಲ್ಲಿ ಕೂರುತ್ತೋ ಅಲ್ಲೇ ಹಾಡಿ, ಶ್ರುತಿ ನಾನು ಹೊಂದಿಸಿಕೊಳ್ಳುತ್ತೇನೆ.